ಕಂಚಿನ ಚಿಲ್ಲರೆಯ ಚರಿತ್ರೆ

ಚಿಲ್ಲರೆ ಕಾಸನ್ನು ನಮ್ಮ ಭಾಷೆ ಎಂದೂ ಗೌರವದಿಂದ ಕಂಡಿಲ್ಲ. ಬೆಲೆಯಿಲ್ಲದ ವಸ್ತುವಿಗೆ ಕವಡೆ ಕಾಸಿನ ಕಿಮ್ಮತ್ತೂ ಇಲ್ಲವೆನ್ನುತ್ತೇವೆ. ಜಿಪುಣನು ಕುರುಡು ಕಾಸನ್ನೂ ಬಿಚ್ಚನೆನ್ನುತ್ತೇವೆ. ಯೋಗ್ಯತೆಯಿಲ್ಲದವನು ಮೂರು ಕಾಸಿನವನಾಗುತ್ತಾನೆ. ಕಾಸರಗೋಡಿನ ಕಡೆಯವರಾದ ನಮಗೆ ಇವುಗಳ ಜೊತೆಗೆ ಇನ್ನೊಂದು ಮಾತೂ ಇದೆ: ಒಟ್ಟೆ ಮುಕ್ಕಾಲು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹವನ್ನು ಉಳಿಸುವ ಸಲುವಾಗಿ ಸರಕಾರವು 1943ರಿಂದ 1947ರವರೆಗೆ ನಡುವೆ ದೊಡ್ಡ ತೂತಿರುವ ಕಂಚಿನ ಕಾಲಾಣೆಯನ್ನು ಅಚ್ಚು ಹಾಕಿಸಿತು. ಕಾಲಾಣೆಗೆ ನಮ್ಮಲ್ಲಿ ಮುಕ್ಕಾಲೆಂದು ಹೆಸರು, ತೂತಿಗೆ ಒಟ್ಟೆ. ಅದನ್ನು ಎಳೆಯ ಮಕ್ಕಳ ಉಡಿದಾರಕ್ಕೆ ಪೋಣಿಸುತ್ತಿದ್ದುದನ್ನು ನಾವು ಚಿಕ್ಕಂದಿನಲ್ಲಿ ಕಂಡಿದ್ದೇವೆ. ತುಳುವರೂ ಮಲಯಾಳಿಗಳೂ ಹೆಚ್ಚುಕಡಿಮೆ ಇದೇ ಹೆಸರಿನಿಂದ ಅದನ್ನು ಕರೆದು, ಪ್ರಯೋಜನಕ್ಕೆ ಬಾರದ ಮನುಷ್ಯನಿಗೂ ಅದೇ ಹೆಸರನ್ನಿಟ್ಟರು. ಈ ನೆಲದ ಮೂರು ಭಾಷೆಗಳು ಒಮ್ಮತಕ್ಕೆ ಬಂದ ಸಂದರ್ಭಗಳಲ್ಲಿ ಇದೂ ಒಂದು.

ಇತಿಹಾಸದ ಪುಸ್ತಕಗಳಲ್ಲಿಯೂ ಚಿಲ್ಲರೆಗೆ ಇದೇ ಗತಿ. ಗದ್ಯಾಣ, ವರಹ, ಸವರನ್ನುಗಳ ಮಾತು ಅಲ್ಲಿ ಧಾರಾಳವಾಗಿದೆ. ಆದರೆ ಚಿನ್ನವನ್ನು ಉಳ್ಳವರು ಹೂಳಿಟ್ಟರು, ಇಲ್ಲವೆ ಕರಗಿಸಿ ಒಡವೆ ಮಾಡಿಸಿದರು. ಸಂತೆಗೆ, ಗಿರಣಿಗೆ, ದೋಣಿಯ ಕಡವಿಗೆ ದಿನವೂ ಹೋಗಿ ಬಂದದ್ದು ತಾಮ್ರ ಮತ್ತು ಕಂಚು. ಒಂದು ಆಳಿಕೆಯು ಬಡವನ ಬದುಕನ್ನು ಹೇಗೆ ಮುಟ್ಟಿತೆಂಬುದನ್ನು ತಿಳಿಯಬೇಕಾದರೆ ಅವನ ಅಂಗೈಗೆ ಬಂದ ನಾಣ್ಯವನ್ನೇ ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಈ ದೃಷ್ಟಿಯಿಂದಲೇ ನಾವು ಸುಮಾರು 40 ವರ್ಷಗಳಿಂದ ಇಂಗ್ಲೆಂಡಿನ ಹಳೆಯ ಕಂಚಿನ ನಾಣ್ಯಗಳಾದ ಪೆನ್ನಿ, ಅರ್ಧ ಪೆನ್ನಿ ಮತ್ತು ಫಾರ್ದಿಂಗುಗಳನ್ನು ಕೂಡಿಸುತ್ತ ಬಂದಿದ್ದೇವೆ. ಶಾಲಾ ಮಾಸ್ತರರ ಸಂಬಳದಲ್ಲಿ ಚಿನ್ನದ ನಾಣ್ಯಗಳ ಹವ್ಯಾಸ ಹೇಗೂ ನಡೆಯುವಂಥದಲ್ಲವೆಂಬ ಮಾತನ್ನೂ ಇಲ್ಲಿ ಸೇರಿಸಬಹುದು.

ಇಂಗ್ಲೆಂಡನ್ನೇ ಕಾಣದವರಿಗೆ ಇವು ಎಲ್ಲಿಂದ ದೊರೆತವೆಂದು ಕೇಳುವವರಿದ್ದಾರೆ. ಉದುಮ, ಕೋಟಿಕುಳಂ, ಬೇಕಲಗಳ ಕಡೆಯಲ್ಲಿ ಸರಕು ಹಡಗುಗಳಲ್ಲಿ ದುಡಿದವರ ಮನೆಗಳು ಬಹಳ. ಹಡಗಿನಿಂದ ಇಳಿದು ಊರಿಗೆ ಬಂದವರ ಜೇಬಿನಲ್ಲಿ ಉಳಿದುಬಿಟ್ಟ ಪರದೇಶದ ಚಿಲ್ಲರೆಯು ಮನೆಯ ಮಕ್ಕಳ ಆಟಕ್ಕೆ ಸೇರುತ್ತಿತ್ತು. ಆ ಮಕ್ಕಳು ನಮ್ಮ ಶಾಲೆಗೆ ಬರುತ್ತಿದ್ದರು. ನಮ್ಮ ಸಂಗ್ರಹದ ಮೊದಲ 20 ಪೆನ್ನಿಗಳ ಮೂಲ ಇಷ್ಟೇ.

ಪೌಂಡಿಗೆ 20 ಶಿಲಿಂಗು, ಶಿಲಿಂಗಿಗೆ 12 ಪೆನ್ನಿ. ಹೀಗೆ ಪೌಂಡಿಗೆ 240 ಪೆನ್ನಿ. ಪೆನ್ನಿಗೆ ಎರಡು ಅರ್ಧ ಪೆನ್ನಿ ಅಥವಾ ನಾಲ್ಕು ಫಾರ್ದಿಂಗು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂದು ಮಗ್ಗಿಯ ಜೊತೆಗೆ ಬಾಯಿಪಾಠ ಮಾಡಿದ ನಮ್ಮ ತಲೆಮಾರಿನವರಿಗೆ ಈ ಲೆಕ್ಕ ಕಠಿಣವೆನಿಸದು. ನಮ್ಮ ಮೊಮ್ಮಕ್ಕಳಿಗೆ ಎರಡೂ ಸಮಾನವಾಗಿ ವಿಚಿತ್ರ.

1860ಕ್ಕಿಂತ ಹಿಂದೆ ಇವು ತಾಮ್ರದವಾಗಿದ್ದವು. 1797ರಲ್ಲಿ ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ ತನ್ನ ಸೋಹೋ ಕಾರ್ಖಾನೆಯಲ್ಲಿ ಉಗಿಯಂತ್ರದ ಬಲದಿಂದ ಅಚ್ಚು ಹಾಕಿದ ಪೆನ್ನಿಯು ಪೂರ್ತಿ ಒಂದು ಔನ್ಸ್ ತೂಗುತ್ತಿತ್ತು, ಎರಡು ಪೆನ್ನಿಯ ನಾಣ್ಯವು ಎರಡು ಔನ್ಸ್. ಅದಕ್ಕೆ ಜನರಿಟ್ಟ ಹೆಸರು ಬಂಡಿಚಕ್ರ. ನಾಣ್ಯದಲ್ಲಿರುವ ಲೋಹದ ಬೆಲೆ ನಾಣ್ಯದ ಬೆಲೆಗೆ ಸಮೀಪವಾಗಿರಬೇಕೆಂಬ ಆಗಿನ ನಂಬಿಕೆಯೇ ಈ ಭಾರಕ್ಕೆ ಕಾರಣ. ಮುಂದೆ ತೂಕವನ್ನು ಇಳಿಸಿದರೂ ವಿಕ್ಟೋರಿಯಾ ರಾಣಿಯ ಆರಂಭದ ತಾಮ್ರದ ಪೆನ್ನಿಯು ಸುಮಾರು 19 ಗ್ರಾಂ ಇತ್ತು. ಒಂದು ಪೌಂಡಿನ ಚಿಲ್ಲರೆ ಎಂದರೆ ನಾಲ್ಕೂವರೆ ಕಿಲೋ ಹೊರೆ. ಫ್ರಾನ್ಸ್ ದೇಶವು 1852ರಲ್ಲಿಯೇ ಕಂಚಿಗೆ ಹೊರಳಿತ್ತು. ಎಂಟು ವರ್ಷಗಳ ಬಳಿಕ ಇಂಗ್ಲೆಂಡೂ ಅದೇ ಹಾದಿ ಹಿಡಿಯಿತು. ನೂರಕ್ಕೆ 95 ಪಾಲು ತಾಮ್ರ, ನಾಲ್ಕು ಪಾಲು ತವರ, ಒಂದು ಪಾಲು ಸತುವು ಸೇರಿದ ಈ ಹೊಸ ಲೋಹವು ತಾಮ್ರಕ್ಕಿಂತ ಗಟ್ಟಿ, ಸವೆತ ಕಡಿಮೆ. ಪೆನ್ನಿಯ ತೂಕ 9.45 ಗ್ರಾಮಿಗೆ ಇಳಿಯಿತು. ಮೂರು ಪೆನ್ನಿಗೆ ಒಂದು ಔನ್ಸ್, ಐದು ಅರ್ಧ ಪೆನ್ನಿಗೆ ಒಂದು ಔನ್ಸ್, ಹತ್ತು ಫಾರ್ದಿಂಗಿಗೆ ಒಂದು ಔನ್ಸ್. ಅರ್ಧ ಪೆನ್ನಿಯ ಅಡ್ಡಗಲ ಸರಿಯಾಗಿ ಒಂದಂಗುಲ. ತಕ್ಕಡಿಗೆ ಬೊಟ್ಟು ಇಲ್ಲದಿದ್ದರೆ ಮನೆಯ ಹೆಂಗಸರು ಪೆನ್ನಿಯಿಟ್ಟೇ ಹಿಟ್ಟು, ಸಕ್ಕರೆ ತೂಗಬಹುದಾಗಿತ್ತು. ನಾವು ಒಮ್ಮೆ ಚಿನಿವಾರರ ತಕ್ಕಡಿಯಲ್ಲಿ ವಿಕ್ಟೋರಿಯಾ ಕಾಲದ ಮೂರು ಸವೆದ ಪೆನ್ನಿಗಳನ್ನು ತೂಗಿಸಿದೆವು. 28 ಗ್ರಾಮಿಗೂ ಮೇಲಿರಬೇಕಾದ ತೂಕ 26 ದಾಟಲಿಲ್ಲ. ಉಳಿದೆರಡು ಗ್ರಾಂ ಕಂಚು ಇಂಗ್ಲೆಂಡಿನ ಜನರ ಬೆರಳುಗಳಿಗೆ ಹೋದದ್ದು.

ಮೊದಲ ಕಂಚಿನ ನಾಣ್ಯಗಳ ಅಚ್ಚನ್ನು ಕೆತ್ತಿದವನು ಲಿಯೊನಾರ್ಡ್ ಚಾರ್ಲ್ಸ್ ವಯನ್. ಒಂದು ಮುಖದಲ್ಲಿ ಕೂದಲನ್ನು ತುರುಬು ಕಟ್ಟಿದ ತರುಣಿ ರಾಣಿ. ಸಂಗ್ರಾಹಕರು ಇಂದಿಗೂ ಇದನ್ನು ತುರುಬಿನ ಪೆನ್ನಿಯೆಂದೇ ಕರೆಯುತ್ತಾರೆ. ಇನ್ನೊಂದು ಮುಖದಲ್ಲಿ ಗುರಾಣಿಯನ್ನೂ ತ್ರಿಶೂಲವನ್ನೂ ಹಿಡಿದು ಕುಳಿತ ಬ್ರಿಟಾನಿಯಾ, ಅವಳ ಒಂದು ಬದಿಗೆ ದೀಪಸ್ತಂಭ, ಇನ್ನೊಂದು ಬದಿಗೆ ಹಡಗು. ಈ ಬ್ರಿಟಾನಿಯಾಳ ಹುಟ್ಟು ವಿಚಾರ ಮಾಡತಕ್ಕದ್ದು. ಅವಳು ಮೊದಲು ಕಾಣಿಸಿಕೊಂಡದ್ದು ರೋಮನ್ ಚಕ್ರವರ್ತಿ ಹೇಡ್ರಿಯನ್‌ನ ನಾಣ್ಯಗಳ ಮೇಲೆ, ರೋಮಿನ ಅಧೀನಕ್ಕೆ ಬಂದ ಒಂದು ಪ್ರಾಂತದ ಗುರುತಾಗಿ. 1672ರಲ್ಲಿ ಎರಡನೆಯ ಚಾರ್ಲ್ಸ್ ಅವಳನ್ನು ತನ್ನ ಅರ್ಧ ಪೆನ್ನಿ ಮತ್ತು ಫಾರ್ದಿಂಗುಗಳಿಗೆ ಕರೆತಂದನು. ಪರರಿಗೆ ಸೋತ ನಾಡಿನ ಗುರುತು ಮುಂದೆ ಪರರನ್ನು ಆಳುವ ನಾಡಿನ ಗುರುತಾಯಿತು.

ಬೇಡಿಕೆ ಹೆಚ್ಚಿದಾಗ ಲಂಡನಿನ ಟಂಕಸಾಲೆಗೆ ಕೆಲಸ ಮೀರುತ್ತಿತ್ತು. 1874ರಿಂದ ಹಲವು ವರ್ಷ ಬರ್ಮಿಂಗ್‌ಹ್ಯಾಮಿನ ಹೀಟನ್ ಕಂಪನಿಗೆ ಈ ಕೆಲಸವನ್ನು ವಹಿಸಿದರು. ಆ ನಾಣ್ಯಗಳಲ್ಲಿ ಇಸವಿಯ ಕೆಳಗೆ 'ಎಚ್' ಎಂಬ ಚಿಕ್ಕ ಇಂಗ್ಲಿಷ್ ಅಕ್ಷರವಿದೆ. 1875ರ ಪೆನ್ನಿ ಸಾಮಾನ್ಯ ವಸ್ತು. ಅದೇ ಇಸವಿಯ ಎಚ್ ಅಕ್ಷರವಿರುವ ಪೆನ್ನಿ ದುರ್ಲಭ. ಭೂತಗನ್ನಡಿ ಹಿಡಿದು ಕುಳಿತವರ ಸಂಜೆಗಳು ಹೀಗೆಯೇ ಕಳೆಯುತ್ತವೆ.

ಅದಿರಲಿ. ಈ ನಾಣ್ಯಗಳಿಂದ ಜನ ಏನನ್ನು ಕೊಂಡರೆಂಬುದು ನಮಗೆ ಹೆಚ್ಚು ಮುಖ್ಯ. 1890ರ ದಶಕದಿಂದ ಇಂಗ್ಲೆಂಡಿನ ಕೂಲಿಕಾರರ ಮನೆಗಳಿಗೆ ಪೆನ್ನಿ ಹಾಕುವ ಗ್ಯಾಸ್ ಮೀಟರುಗಳು ಬಂದವು. ಮೂರು ತಿಂಗಳ ಬಿಲ್ಲನ್ನು ಒಮ್ಮೆಗೇ ಕಟ್ಟಲಾರದ ಬಡವನು ಮೀಟರಿನ ಸೀಳಿಗೆ ಒಂದು ಪೆನ್ನಿಯನ್ನು ಹಾಕಿದರೆ ಅಷ್ಟಕ್ಕೆ ತಕ್ಕ ಗ್ಯಾಸು ಹರಿದು ದೀಪ ಉರಿಯುತ್ತಿತ್ತು, ಒಲೆ ಹೊತ್ತಿಕೊಳ್ಳುತ್ತಿತ್ತು. ಪೆನ್ನಿ ಮುಗಿದೊಡನೆ ಕತ್ತಲೆ. ಲಕ್ಷಾಂತರ ಮೀಟರುಗಳ ಹೊಟ್ಟೆಯಲ್ಲಿ ಪೆನ್ನಿಗಳು ಸೇರಿಕೊಂಡು, ಟಂಕಸಾಲೆ ಎಷ್ಟು ಅಚ್ಚು ಹಾಕಿದರೂ ಸಾಲದಾಯಿತು. ಫಾರ್ದಿಂಗಿನ ಕಥೆ ಬೇರೆ. ಬಟ್ಟೆ ಅಂಗಡಿಯವರು ಒಂದು ಶಿಲಿಂಗಿನ ಮಾಲಿಗೆ ಹನ್ನೊಂದು ಮುಕ್ಕಾಲು ಪೆನ್ನಿ ಎಂದು ಬೆಲೆ ಬರೆಯುತ್ತಿದ್ದರು. ನಮ್ಮಲ್ಲಿ ಬಾಟಾ ಅಂಗಡಿಯ 99 ರೂಪಾಯಿ 95 ಪೈಸೆಯ ಬೆಲೆಯನ್ನು ಬಲ್ಲವರಿಗೆ ಈ ಉಪಾಯವನ್ನು ವಿವರಿಸಬೇಕಾಗಿಲ್ಲ. ಮರಳಿ ಕೊಡಬೇಕಾದ ಫಾರ್ದಿಂಗಿನ ಬದಲು ಕಾಗದಕ್ಕೆ ಚುಚ್ಚಿದ ಗುಂಡುಸೂಜಿಗಳನ್ನು ಕೊಟ್ಟು ಕಳುಹಿಸುವ ಪದ್ಧತಿಯೂ ಇತ್ತು. ಈಗಿನ ಚಿಲ್ಲರೆ ಬದಲಿನ ಚಾಕೊಲೇಟಿಗೆ ಅದೇ ಪೂರ್ವಜ.

ಫಾರ್ದಿಂಗಿನ ವಿಷಯ ಬಂದಾಗ ಒಬ್ಬ ಮುಖ್ಯೋಪಾಧ್ಯಾಯಿನಿಯನ್ನು ಬಿಟ್ಟು ಮುಂದೆ ಹೋಗಲು ನಮ್ಮ ಮನಸ್ಸೊಪ್ಪದು. ಲಂಡನಿನ ಪೂರ್ವಭಾಗದಲ್ಲಿ ಬೋ ಎಂಬುದು ಕಡುಬಡವರ ಕೇರಿ. ಅಲ್ಲಿಯ ಶಿಶುಶಾಲೆಯ ಮುಖ್ಯಸ್ಥೆ ಕ್ಲಾರಾ ಗ್ರಾಂಟ್. ಹಸಿದ ಹೊಟ್ಟೆಗೆ ಪಾಠ ಹತ್ತದೆಂಬುದನ್ನು ಆಕೆ ಬೇಗನೆ ಕಂಡುಕೊಂಡು, ಮಕ್ಕಳಿಗೆ ಬೆಳಗಿನ ತಿಂಡಿಯ ಏರ್ಪಾಡು ಮಾಡಿದರು. 1907ರಲ್ಲಿ ಫರ್ನ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಒಂದು ಸೇವಾಕೇಂದ್ರವನ್ನು ತೆರೆದು, ಅಲ್ಲಿ ಫಾರ್ದಿಂಗ್ ಗಂಟುಗಳೆಂಬುದನ್ನು ಆರಂಭಿಸಿದರು. ಕಪ್ಪೆಚಿಪ್ಪು, ಮಣಿ, ಪೀಪಿ, ಬಣ್ಣದ ಚಿತ್ರ, ಬಟ್ಟೆಯ ಚೂರು, ಇಂಥ ಚಿಲ್ಲರೆ ವಸ್ತುಗಳನ್ನು ಕಾಗದದಲ್ಲಿ ಕಟ್ಟಿದ ಒಂದು ಪೊಟ್ಟಣ. ಬೆಲೆ ಒಂದು ಫಾರ್ದಿಂಗ್. ಬೆಳಗಾಗುವುದರೊಳಗೆ ನೂರಾರು ಮಕ್ಕಳು ಸಾಲು ನಿಲ್ಲುತ್ತಿದ್ದರು. ಎಲ್ಲರಿಗೂ ಗಂಟು ಒದಗದೆ ಹೋದಾಗ ಕ್ಲಾರಾ ಗ್ರಾಂಟ್ ಒಂದು ಮರದ ಕಮಾನನ್ನು ಮಾಡಿಸಿ ನಿಲ್ಲಿಸಿದರು. ತಲೆ ಬಗ್ಗಿಸದೆ ಆ ಕಮಾನಿನಡಿ ದಾಟಬಲ್ಲಷ್ಟು ಗಿಡ್ಡಗಿರುವ ಮಕ್ಕಳಿಗೆ ಮಾತ್ರ ಗಂಟು. ಜನನ ಪ್ರಮಾಣಪತ್ರವಿಲ್ಲ, ಆದಾಯದ ದಾಖಲೆಯಿಲ್ಲ, ಹೆಸರು ಬರೆಯಿಸುವ ಗೋಜಿಲ್ಲ. ಸೇವೆಯಲ್ಲಿದ್ದಾಗ ಅರ್ಜಿಗಳ ರಾಶಿಯ ನಡುವೆ ಕುಳಿತ ನಮಗೆ ಆ ಕಮಾನು ಎಷ್ಟೋ ಸಲ ನೆನಪಾಗಿದೆ. ಉಚಿತವಾಗಿಯೇ ಕೊಡಬಹುದಿತ್ತಲ್ಲ, ಒಂದು ಫಾರ್ದಿಂಗನ್ನು ಏಕೆ ತೆಗೆದುಕೊಂಡರೆಂದು ಕೆಲವರು ಕೇಳಿಯಾರು. ನಮಗೆ ತೋರುವ ಮಟ್ಟಿಗೆ, ಉಚಿತವಾಗಿದ್ದರೆ ಅದು ದಾನವಾಗುತ್ತಿತ್ತು, ಮಗು ಬೇಡಿ ತಂದಂತಾಗುತ್ತಿತ್ತು. ಒಂದು ಫಾರ್ದಿಂಗ್ ಕೊಟ್ಟ ಮಗು ಅಂಗಡಿಗೆ ಹೋದ ಗಿರಾಕಿಯಂತೆ ತಲೆಯೆತ್ತಿ ಬರುತ್ತಿತ್ತು. ದೇಶದ ಅತಿ ಸಣ್ಣ ನಾಣ್ಯಕ್ಕೆ ಈ ಶಕ್ತಿಯಿತ್ತು. ಚಾರಿತ್ರಿಕ ಮಹತ್ತ್ವದ ನಾಣ್ಯ ಯಾವುದೆಂದು ನಮ್ಮನ್ನು ಕೇಳಿದರೆ ಆ ಕಾಲದ ಫಾರ್ದಿಂಗನ್ನೇ ತೋರಿಸುತ್ತೇವೆ.

ಆ ಕಾಲದ ಫಾರ್ದಿಂಗು ಕಪ್ಪಗಿರುವುದಕ್ಕೂ ಒಂದು ಕಾರಣವಿದೆ. ಹೊಸ ಕಂಚು ಹೊಂಬಣ್ಣಕ್ಕೆ ಹೊಳೆಯುತ್ತದೆ. ಫಾರ್ದಿಂಗಿನ ಗಾತ್ರವು ಅರ್ಧ ಸವರನ್ನಿಗೆ ತೀರ ಸಮೀಪ. ಅರ್ಧ ಸವರನ್ನು 480 ಫಾರ್ದಿಂಗಿಗೆ ಸಮ. ಮಬ್ಬು ಬೆಳಕಿನಲ್ಲಿ ಒಂದನ್ನು ಇನ್ನೊಂದೆಂದು ದಾಟಿಸುವವರಿಗೆ ಇಷ್ಟು ಸಾಕಷ್ಟೆ. ಆದುದರಿಂದ 1897ರಿಂದ ಎರಡು ದಶಕಗಳ ಕಾಲ ಟಂಕಸಾಲೆಯೇ ಫಾರ್ದಿಂಗುಗಳಿಗೆ ಕಪ್ಪು ಬಣ್ಣ ಬರುವಂತೆ ಮಾಡಿ ಹೊರಬಿಟ್ಟಿತು. ಇದನ್ನರಿಯದೆ ಕೊಳೆಯೆಂದು ಭಾವಿಸಿ ಅವನ್ನು ತಿಕ್ಕಿ ಬೆಳಗಿದವರು ನಾಣ್ಯವನ್ನು ಹಾಳುಮಾಡಿದಂತೆಯೇ.

ಇನ್ನು ನಮ್ಮ ದೇಶದ ಸಂಬಂಧ. ವಿಕ್ಟೋರಿಯಾ ರಾಣಿ ಭಾರತದ ಚಕ್ರವರ್ತಿನಿಯೆಂದು ದಿಲ್ಲಿಯಲ್ಲಿ ಘೋಷಣೆಯಾದದ್ದು 1877ರ ಜನವರಿ 1ರಂದು. ಭಾರತದ ನಾಣ್ಯಗಳ ಮೇಲೆ ವಿಕ್ಟೋರಿಯಾ ಕ್ವೀನ್ ಎಂದಿದ್ದುದು ಆ ವರ್ಷದಿಂದಲೇ ವಿಕ್ಟೋರಿಯಾ ಎಂಪ್ರೆಸ್ ಎಂದಾಯಿತು. ಇಂಗ್ಲೆಂಡಿನ ಪೆನ್ನಿ ಮಾತ್ರ 18 ವರ್ಷ ಮೌನವಾಗಿತ್ತು. 1895ರಲ್ಲಿ ಥಾಮಸ್ ಬ್ರಾಕ್ ರೂಪಿಸಿದ, ಸೆರಗು ಹೊದೆದ ಮುದಿ ರಾಣಿಯ ಮುಖದ ಸುತ್ತ ಲ್ಯಾಟಿನ್ ಭಾಷೆಯ ಸಂಕ್ಷೇಪವಾಗಿ 'ಇಂಡ್ ಇಂಪ್' ಎಂಬ ಆರು ಅಕ್ಷರಗಳು ಕಂಚಿನ ಮೇಲೆ ಬಂದವು. ಭಾರತದ ಚಕ್ರವರ್ತಿನಿ ಎಂದು ಅದರ ಅರ್ಥ. ಅಲ್ಲಿಂದ ಮುಂದೆ ಗ್ಯಾಸ್ ಮೀಟರಿಗೆ ಬಿದ್ದ ಪ್ರತಿಯೊಂದು ಹೊಸ ಪೆನ್ನಿಯ ಮೇಲೂ ನಮ್ಮ ದೇಶದ ಹೆಸರಿತ್ತು. 1947ರ ಆಗಸ್ಟಿನಲ್ಲಿ ದೇಶ ಸ್ವತಂತ್ರವಾಯಿತು. ಆರನೆಯ ಜಾರ್ಜ್ ಈ ಬಿರುದನ್ನು ವಿಧಿಪೂರ್ವಕ ತ್ಯಜಿಸಿದ್ದು 1948ರ ಜೂನ್ 22ರಂದು. 1948ರ ಪೆನ್ನಿಯಲ್ಲಿ ಆ ಅಕ್ಷರಗಳಿವೆ, 1949ರ ಪೆನ್ನಿಯಲ್ಲಿ ಇಲ್ಲ. ಈ ಎರಡು ನಾಣ್ಯಗಳನ್ನು ಜೊತೆಯಾಗಿ ಮೇಜಿನ ಮೇಲಿಟ್ಟು ಮಕ್ಕಳ ಕೈಗೆ ಭೂತಗನ್ನಡಿ ಕೊಟ್ಟರೆ ಸ್ವಾತಂತ್ರ್ಯದ ಪಾಠಕ್ಕೆ ಬೇರೆ ಚಿತ್ರಪಟ ಬೇಕಾಗುವುದಿಲ್ಲ. ನಾವು ಹಾಗೆ ಪಾಠ ಮಾಡಿದ್ದೇವೆ.

ಭಾರತದಲ್ಲಿ ತಾಮ್ರದ ಚಿಲ್ಲರೆ ಕಂಚಾದದ್ದು 1906ರಲ್ಲಿ, ಇಂಗ್ಲೆಂಡಿಗಿಂತ 46 ವರ್ಷ ತಡವಾಗಿ. ಕಾಲಾಣೆಯ ತೂಕ 6.47 ಗ್ರಾಮಿನಿಂದ 4.86 ಗ್ರಾಮಿಗೆ ಇಳಿಯಿತು. ಅಡ್ಡಗಲ ಇಂಗ್ಲೆಂಡಿನ ಅರ್ಧ ಪೆನ್ನಿಯಂತೆ ಒಂದಂಗುಲ. ಒಂದು ಲೆಕ್ಕ ಹೇಳುತ್ತೇವೆ. 1899ರಿಂದ ಮೊದಲನೆಯ ಮಹಾಯುದ್ಧದವರೆಗೆ ರೂಪಾಯಿಯ ಬೆಲೆ ಒಂದು ಶಿಲಿಂಗ್ ನಾಲ್ಕು ಪೆನ್ನಿಗೆ, ಎಂದರೆ 16 ಪೆನ್ನಿಗೆ, ನಿಂತಿತ್ತು. ರೂಪಾಯಿಗೆ 16 ಆಣೆಯಾದುದರಿಂದ ಒಂದಾಣೆಗೆ ಒಂದು ಪೆನ್ನಿ, ಕಾಲಾಣೆಗೆ ಒಂದು ಫಾರ್ದಿಂಗ್. ಕಾಸರಗೋಡಿನ ಸಂತೆಗೆ ಒಂದು ಮುಕ್ಕಾಲು ಹಿಡಿದು ಹೋದ ಹುಡುಗನೂ ಕ್ಲಾರಾ ಗ್ರಾಂಟರ ಕಮಾನಿನ ಮುಂದೆ ಸಾಲು ನಿಂತ ಹುಡುಗನೂ ವಿನಿಮಯದ ಲೆಕ್ಕದಲ್ಲಿ ಒಂದೇ ಬೆಲೆಯ ಹಣವನ್ನು ಹಿಡಿದಿದ್ದರು. ಇಬ್ಬರ ನಾಣ್ಯದ ಮೇಲೂ ಒಬ್ಬನೇ ರಾಜ. ಆದರೆ ಅಲ್ಲಿ ಅದು ಅತಿ ಸಣ್ಣ ನಾಣ್ಯ. ಇಲ್ಲಿ ಮುಕ್ಕಾಲಿನ ಕೆಳಗೆ ಅರ್ಧ ಪೈಸೆ ಇತ್ತು, ಅದರ ಕೆಳಗೆ ಪೈ ಇತ್ತು. ಬಡತನದ ಮೆಟ್ಟಿಲುಗಳು ನಮ್ಮಲ್ಲಿ ಇನ್ನೂ ಎರಡು ಹೆಚ್ಚು. ಲಿಪಿಯ ವಿಷಯವನ್ನೂ ಹೇಳದೆ ಬಿಡಲಾಗದು. ಕಂಚಿನ ಕಾಲಾಣೆಯ ಮೇಲೆ ಇಂಗ್ಲಿಷ್ ಒಂದೇ. ಅದೇ ಕಾಲದ ನಿಕ್ಕಲ್ ಮಿಶ್ರದ ಒಂದಾಣೆಯಲ್ಲಿ ನಾಗರಿ, ಬಂಗಾಳಿ, ಉರ್ದುಗಳ ಜೊತೆಗೆ ತೆಲುಗು ಅಕ್ಷರಗಳೂ ಇದ್ದವು. ಕನ್ನಡಿಗರು ಆ ತೆಲುಗನ್ನೇ ತಮ್ಮದೆಂಬಂತೆ ಓದಿಕೊಂಡರು.

ಚಿಲ್ಲರೆ ನಾಣ್ಯವು ಆಳುವವರ ಮಾತನ್ನಷ್ಟೇ ಹೊತ್ತು ತಿರುಗಿತೆಂದು ತಿಳಿಯಬಾರದು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ 1903ರ ಒಂದು ಪೆನ್ನಿಯಿದೆ. ಏಳನೆಯ ಎಡ್ವರ್ಡನ ಮುಖದ ಮೇಲೆ, ಒಂದೊಂದೇ ಅಕ್ಷರದ ಮೊಳೆಯನ್ನು ಸುತ್ತಿಗೆಯಿಂದ ಹೊಡೆದು, ಹೆಂಗಸರಿಗೆ ಮತ ಕೊಡಿರೆಂಬ ಅರ್ಥದ ಇಂಗ್ಲಿಷ್ ಘೋಷಣೆಯನ್ನು ಮೂಡಿಸಿದ್ದಾರೆ. ಮತದಾನದ ಹಕ್ಕಿಗಾಗಿ ಹೋರಾಡಿದವರ ಕೆಲಸ ಅದು. ನಾಣ್ಯವನ್ನು ವಿರೂಪಗೊಳಿಸುವುದು ಅಪರಾಧ. ಆದರೂ ಪೆನ್ನಿಯನ್ನೇ ಆರಿಸಿಕೊಂಡದ್ದರಲ್ಲಿ ಜಾಣ್ಮೆಯಿದೆ: ಬೆಳ್ಳಿಯ ನಾಣ್ಯವಾಗಿದ್ದರೆ ಬ್ಯಾಂಕು ಹಿಡಿದಿಟ್ಟುಕೊಳ್ಳುತ್ತಿತ್ತು, ಒಂದು ಪೆನ್ನಿಗಾಗಿ ಯಾರೂ ಅಷ್ಟು ಶ್ರಮಪಡುವುದಿಲ್ಲ. ಅದು ಕೈಯಿಂದ ಕೈಗೆ ಹೋಗುತ್ತಲೇ ಇರುತ್ತದೆ. ಇಂಗ್ಲೆಂಡಿನ ಕೆಲವು ಹೆಂಗಸರಿಗೆ 1918ರಲ್ಲಿ, ಗಂಡಸರಿಗೆ ಸಮಾನವಾಗಿ ಎಲ್ಲರಿಗೂ 1928ರಲ್ಲಿ ಮತ ದೊರೆಯಿತು.

1933ರ ಪೆನ್ನಿಯ ಕಥೆಯನ್ನು ಸಂಗ್ರಾಹಕರೆಲ್ಲರೂ ಬಲ್ಲರು. ಆ ವರ್ಷ ಚಲಾವಣೆಯಲ್ಲಿ ಪೆನ್ನಿಗಳು ಸಾಕಷ್ಟಿದ್ದುದರಿಂದ ಹೊಸದಾಗಿ ಅಚ್ಚು ಹಾಕಲಿಲ್ಲ. ಕಟ್ಟಡಗಳ ಅಸ್ತಿವಾರದಲ್ಲಿ ಆ ವರ್ಷದ ನಾಣ್ಯಗಳನ್ನಿಡುವ ಪದ್ಧತಿಗಾಗಿ ಬೆರಳೆಣಿಕೆಯಷ್ಟನ್ನು ಮಾತ್ರ ತಯಾರಿಸಿದರು. ನಮ್ಮ ದೇವಾಲಯಗಳ ತಳಪಾಯದಲ್ಲಿ ಪಂಚಲೋಹ ಇಡುವುದನ್ನು ಕಂಡವರಿಗೆ ಇದು ಹೊಸದೆನಿಸದು. 1970ರಲ್ಲಿ ಲೀಡ್ಸ್ ನಗರದ ಬಳಿಯ ಒಂದು ಚರ್ಚಿನ ಅಸ್ತಿವಾರವನ್ನೇ ಕಿತ್ತು ಅಲ್ಲಿದ್ದ ಪೆನ್ನಿಯನ್ನು ಕದ್ದೊಯ್ದರು. ಇನ್ನೊಂದು ಚರ್ಚಿನವರು ತಮ್ಮದೂ ಹೋದೀತೆಂಬ ಭಯದಿಂದ ತಾವೇ ಹೊರತೆಗೆದು ಮಾರಿದರು. ಒಂದು ಪೆನ್ನಿಗಾಗಿ ದೇವರ ಮನೆಯ ಕಲ್ಲು ಕೀಳುವಂತಾಯಿತು.

ಬೆಲೆಗಳು ಏರಿದಂತೆ ಫಾರ್ದಿಂಗಿಗೆ ಕೊಳ್ಳುವುದೇನೂ ಉಳಿಯಲಿಲ್ಲ. 1937ರಿಂದ ಅದರ ಮೇಲೆ ಪುಟ್ಟ ರೆನ್ ಹಕ್ಕಿ ಕುಳಿತಿತ್ತು. ಇಷ್ಟು ಅಂದವಾದ ಸಣ್ಣ ನಾಣ್ಯವನ್ನು ನಾವು ಬೇರೆ ಕಂಡಿಲ್ಲ. 1956ರದೇ ಕೊನೆಯ ಇಸವಿ. 1960ರ ಅಂತ್ಯಕ್ಕೆ ಅದು ಚಲಾವಣೆ ಕಳೆದುಕೊಂಡಿತು. ಅರ್ಧ ಪೆನ್ನಿ 1969ರಲ್ಲಿ ಹೋಯಿತು. 1971ರ ಫೆಬ್ರವರಿ 15ರಂದು ಇಂಗ್ಲೆಂಡು ದಶಮಾಂಶ ಪದ್ಧತಿಗೆ ಬಂದಿತು, ನಮ್ಮ ನಯಾಪೈಸೆಗಿಂತ 14 ವರ್ಷ ಹಿಂದೆ ಬಿದ್ದು. ಅದೇ ಆಗಸ್ಟ್ ಕೊನೆಗೆ ಹಳೆಯ ಪೆನ್ನಿಯೂ ಮುಗಿಯಿತು. ಆಮೇಲೆ ಬಂದರು ಮುಟ್ಟಿದ ನಮ್ಮ ಊರಿನ ನಾವಿಕರ ಜೇಬಿನ ಪೆನ್ನಿಗಳನ್ನು ಅಲ್ಲಿಯ ಅಂಗಡಿಗಳು ತೆಗೆದುಕೊಳ್ಳಲಿಲ್ಲ. ಅವು ಮನೆ ಸೇರಿದವು.

ಈಗ ಆ ಮನೆಗಳಿಗೆ ಬೇರೊಂದು ಉಪದ್ರವ ಬಂದಿದೆ. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ರೂಪಾಯಿ ಕೊಡುತ್ತೇವೆಂದು ಮೊಬೈಲಿನಲ್ಲಿ ನಂಬಿಸಿ, ಮೊದಲು ನೋಂದಣಿಯ ಹಣ, ಅನಂತರ ತೆರಿಗೆಯ ಹಣವೆಂದು ಕಸಿದುಕೊಳ್ಳುವವರಿದ್ದಾರೆ. ನಮ್ಮ ಪರಿಚಯದ ಒಬ್ಬ ಹಿರಿಯರು, ಗಂಡನ ಕಾಲದ ಮೂರು ಪೆನ್ನಿಗಳನ್ನು ಮಾರಹೊರಟ ವಿಧವೆ, ಹೀಗೆ ತಮ್ಮ ಎರಡು ತಿಂಗಳ ಪಿಂಚಣಿಯನ್ನು ಕಳೆದುಕೊಂಡರು. ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಇಂಥ ವ್ಯವಹಾರಗಳಿಗೂ ತನಗೂ ಸಂಬಂಧವಿಲ್ಲ, ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲವೆಂದು ಸಾರ್ವಜನಿಕ ಎಚ್ಚರಿಕೆ ಕೊಟ್ಟಿದೆ. ಆಕೆಯ ಪೆನ್ನಿಗಳಲ್ಲಿ ಎರಡು 1967ರವು. ಆ ಇಸವಿ ಹೊತ್ತ ಪೆನ್ನಿಗಳನ್ನು 65 ಕೋಟಿಗೂ ಹೆಚ್ಚು ಅಚ್ಚು ಹಾಕಿದ್ದಾರೆ. ಇಂದಿಗೂ ಇಂಗ್ಲೆಂಡಿನಲ್ಲಿ ಅವು ಡಬ್ಬಗಟ್ಟಲೆ ದೊರೆಯುತ್ತವೆ. 1951ರ ಪೆನ್ನಿ ಒಂದು ಲಕ್ಷದ 20 ಸಾವಿರ ಮಾತ್ರ; ಅದು ಸಿಕ್ಕಿದರೆ ಒಂದಿಷ್ಟು ಬೆಲೆ ಬಂದೀತು, ಲಕ್ಷವಂತೂ ಅಲ್ಲ. ಆಕೆಯ ಮೂರನೆಯ ನಾಣ್ಯ 1948ರದು, ಇಂಡ್ ಇಂಪ್ ಅಕ್ಷರಗಳಿರುವ ಕೊನೆಯ ಇಸವಿ. ಅದನ್ನು ಮಾರಬೇಡಿರೆಂದು ಹೇಳಿ, ಅಕ್ಷರಗಳನ್ನು ಓದಿ ತೋರಿಸಿ ಬಂದೆವು.

ಸಂಘದ ಸದಸ್ಯರಲ್ಲಿ ಅನೇಕರ ಮನೆಯ ಹಳೆಯ ಪೆಟ್ಟಿಗೆಗಳಲ್ಲಿ ಇಂಥ ನಾಣ್ಯಗಳಿರುವುದುಂಟು: ಪೆನ್ನಿ, ಮುಕ್ಕಾಲು, ಒಟ್ಟೆ ಮುಕ್ಕಾಲು, ಪೈ. ತರುವವರು ತರಲಿ, ಓದಿ ಹೇಳಲು ನಾವು ಸಿದ್ಧರಿದ್ದೇವೆ. ಒಂದೇ ವಿನಂತಿ. ತರುವ ಮುನ್ನ ಹುಣಸೆಹುಳಿಯಿಂದಾಗಲಿ ಬೂದಿಯಿಂದಾಗಲಿ ತೊಳೆಯಬಾರದು. ನೂರು ವರ್ಷಗಳಲ್ಲಿ ಕಂಚಿನ ಮೇಲೆ ಮೂಡಿದ ಕಂದು ಪೊರೆಯೇ ಅದರ ಕವಚ. ಹುಳಿ ಅದನ್ನು ಒಂದು ನಿಮಿಷದಲ್ಲಿ ತಿನ್ನುತ್ತದೆ, ಇಸವಿಯ ಅಂಕಿಗಳೂ ಅದರೊಡನೆ ಹೋಗುತ್ತವೆ. ಕಡಲ ತೀರದ ಉಪ್ಪುಗಾಳಿಗೆ ಹಸಿರು ಕಿಲುಬು ಬೇಗ ಹತ್ತುವುದರಿಂದ ಪ್ಲಾಸ್ಟಿಕ್ ಚೀಲದಲ್ಲಿಡದೆ, ಒಣಗಿದ ಕಾಗದದಲ್ಲಿ ಒಂದೊಂದನ್ನೇ ಬೇರೆ ಬೇರೆ ಸುತ್ತಿ ತಂದರೆ ಸಾಕು.